ತವಂದಿ ಘಾಟ ಏರದ ಕಾರು

ಗಾಡಿಗೆ ಏನೂ ಆಗಿಲ್ಲ ಎಂದು ಮಿಸ್ತ್ರಿ ಧರೆಪ್ಪ ಹೇಳಿದಾಗ ಸುಂದರಾ ಅವನಿಂದ ಎರಡು ಮಾರು ದೂರದಲ್ಲಿ, ಗ್ಯಾರೇಜಿನ ತಗಡಿನ ನೆರಳಿನಲ್ಲೇ ನಿಂತಿದ್ದಳು. ಆದರೆ ಅವನು ಹೇಳಿದ್ದು ಅವಳಿಗಲ್ಲ, ಅವಳ ಅಪ್ಪ ಜಯಪಾಲ ಸಾವಕಾರರಿಗೆ. ನಿಪ್ಪಾಣಿಯಿಂದ ಚಿಕ್ಕೋಡಿ ರಸ್ತೆಯ ಮೇಲೆ ಹತ್ತು ಕಿಲೋಮೀಟರ್ ಹೋಗಿ ಬಂದೆ, ಒಂದು ಸಣ್ಣ ತಕರಾರಿಲ್ಲದೆ ಓಡಿತು ಎಂದು ಕೈ ಒರೆಸಿಕೊಳ್ಳುತ್ತ ಹೇಳಿದ. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು. ಇನ್ನೊಂದು ಮಾತು ಸೇರಿಸಿದ.

"ಗಾಡಿ ಛಲೋ ಐತ್ರಿ ಸಾವಕಾರ್ರ. ಓಡಸೂ ಕೈ ಒಂದೀಟು ಹೊಸಾದೈತಿ, ಅಷ್ಟ."

ಸುಂದರಾಳಿಗೆ ಸಿಟ್ಟು ನೆತ್ತಿಗೇರಿತು. ಹೊಸ ಕೈಯಂತೆ. ಒಂದೂವರೆ ವರ್ಷದಿಂದ ಅದೇ ಕೈ ದಿನಾ ಆ ಕಾರನ್ನು ತವಂದಿ ಘಾಟ ಹತ್ತಿಸಿ ಇಳಿಸಿತ್ತು. ಘಾಟದ ಆಚೆಯ ಊರಿನ ಹೈಸ್ಕೂಲಿನಲ್ಲಿ ಅವಳು ಗಣಿತ ಕಲಿಸುತ್ತಿದ್ದಳು. ಇದು 1998ರ ಮಾತು. ನಿಪ್ಪಾಣಿಯಲ್ಲಿ ಕಾರು ಓಡಿಸುವ ಹೆಂಗಸರನ್ನು ಎಣಿಸಲು ಒಂದು ಕೈಯ ಬೆರಳೂ ಹೆಚ್ಚಾಗುತ್ತಿದ್ದ ಕಾಲ.

ಆ ಹಾದಿಯ ಅರ್ಧ ತಾಸು ಅವಳಿಗೆ ಎಷ್ಟು ಪ್ರೀತಿಯದು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಅವಳು ಸಾವಕಾರರ ಒಬ್ಬಳೇ ಮಗಳು, ಶಾಲೆಯಲ್ಲಿ ಗಣಿತದ ಬಾಯಾರು. ನಡುವಿನ ಆ ಅರ್ಧ ತಾಸು ಮಾತ್ರ ಅವಳು ಬರೀ ಸುಂದರಾ. ಕಿಟಕಿ ಇಳಿಸುತ್ತಿದ್ದಳು, ಬಾಯಿಗೆ ಬಂದದ್ದು ಗುನುಗುತ್ತಿದ್ದಳು, ತಿರುವಿನಲ್ಲಿ ಗೇರು ಇಳಿಸಿ ಮತ್ತೆ ಏರಿಸುವಾಗ ತನಗೆ ತಾನೇ ಶಾಬಾಸ್ ಅನ್ನುತ್ತಿದ್ದಳು.

ಆ ಸುಖಕ್ಕೆ ಈ ತಿಂಗಳ ಮೊದಲಿನಿಂದ ಕಲ್ಲು ಬಿದ್ದಿತ್ತು. ಘಾಟದ ಎರಡನೇ ತಿರುವಿಗೆ ಬಂದರೆ ಸಾಕು, ಕಾರಿನ ದಮ್ಮು ಹೋಗುತ್ತಿತ್ತು. ಎಕ್ಸಿಲರೇಟರ್ ತಳಕ್ಕೆ ಹತ್ತುವಂತೆ ಒತ್ತಿದರೂ ಅದು ಮುಲುಗುತ್ತ ತೆವಳುತ್ತಿತ್ತು. ಹಿಂದಿನ ಲಾರಿಗಳು ಹಾರ್ನು ಹಾಕುತ್ತಿದ್ದವು. ಮೊನ್ನೆಯಂತೂ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಅವಳನ್ನು ದಾಟಿ ಹೋಗಿತ್ತು. ಅದರ ಮೇಲಿದ್ದವನು ಕನಿಕರದಿಂದ ಕೈ ಬೇರೆ ಎತ್ತಿದ್ದ.

ಜಯಪಾಲರು ಸಿಡುಕಿನ ಮನುಷ್ಯರಲ್ಲ. ತಂಬಾಕಿನ ವ್ಯಾಪಾರ, ಕಬ್ಬಿನ ಹೊಲ ಎರಡನ್ನೂ ತಣ್ಣಗೆ ನಡೆಸಿಕೊಂಡು ಬಂದವರು. ಆ ದಿನವೂ ತಣ್ಣಗೇ ತೀರ್ಮಾನ ಹೇಳಿದರು. ಏರಿನಲ್ಲಿ ಗಾಡಿ ನಿಂತು, ಹಿಂದಿನಿಂದ ಲಾರಿ ಬಂದು ಗುದ್ದಿದರೆ ಏನು ಗತಿ? ಇರುವಾಕಿ ಒಬ್ಬಳು ಮಗಳು. ಡಿಸೆಂಬರಿನ ಮೊದಲ ಸೋಮವಾರದಿಂದ ಟೆಂಪೋ ಓಡಿಸುವ ಜಕ್ಕಪ್ಪ ಡ್ರೈವರ್ ಆಗಿ ಬರುತ್ತಾನೆ, ಸುಂದರಾ ಹಿಂದಿನ ಸೀಟಿನಲ್ಲಿ ಕೂತು ಹೋಗಿಬರಲಿ. ಇನ್ನು ಹದಿನೈದು ದಿನವೂ ಇರಲಿಲ್ಲ.

ಸುಂದರಾ ಅಪ್ಪನಿಗೆ ಎದುರಾಡಲಿಲ್ಲ. ಹೋಗುವಾಗ ಧರೆಪ್ಪನ ಕಡೆ ಒಮ್ಮೆ ನೋಡಿದಳು. ತಪ್ಪು ಲೆಕ್ಕ ಬರೆದ ಹುಡುಗರನ್ನು ಅವಳು ಹಾಗೇ ನೋಡುತ್ತಿದ್ದಳು. ಅವನು ಸ್ಪಾನರ್ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿಬಿಟ್ಟ.

ಮರುದಿನ ಶಾಲೆಯಿಂದ ಬರುವಾಗ ಅವಳು ಕಾರನ್ನು ನೇರ ಗ್ಯಾರೇಜಿಗೇ ತಂದು ನಿಲ್ಲಿಸಿದಳು. ಧರೆಪ್ಪ ಒಬ್ಬನೇ ಇದ್ದ. ಅಥಣಿ ತಾಲ್ಲೂಕಿನ ಐಗಳಿಯ ಜೈನರ ಹುಡುಗ, ಮನೆಯಲ್ಲಿ ದ್ರಾಕ್ಷಿ ತೋಟ ಇತ್ತು. ಅಣ್ಣಂದಿರು ತೋಟ ನೋಡಿಕೊಂಡರೆ ಇವನಿಗೆ ಎಂಜಿನ್ನಿನ ಹುಚ್ಚು. ಪುಣೆಯಲ್ಲಿ ಆರು ತಿಂಗಳು ಇದ್ದು, ಕಂಪ್ಯೂಟರ್ ಇರುವ ಹೊಸ ನಮೂನೆಯ ಗಾಡಿಗಳ ಕೆಲಸ ಕಲಿತು ಬಂದು ಇಲ್ಲಿ ಬೋರ್ಡು ಹಾಕಿದ್ದ. ಆ ನಮೂನೆಯ ಮೊದಲ ಗಾಡಿ ಅವನ ಬಾಗಿಲಿಗೆ ಬಂದಿದ್ದೇ ಸುಂದರಾಳದು.

"ಮಿಸ್ತ್ರಿ, ಚಿಕ್ಕೋಡಿ ರಸ್ತೆ ಸಪಾಟ ಐತಿ," ಎಂದಳು ಕೆಳಗಿಳಿಯದೆ. "ಅಲ್ಲಿ ಎಂಥಾ ಗಾಡೀನೂ ಓಡ್ತೈತಿ. ನನ್ನ ಜೋಡಿ ಘಾಟಕ್ಕ ಬರ್ರಿ. ಬಂದು ಕೈ ಹೊಸಾದೋ ಹಳೇದೋ ನೋಡ್ರಿ."

ಅವನು ನಿಜವಾಗಿಯೂ ಅವಳ ಕೈ ನೋಡಿದ. ಸ್ಟೀರಿಂಗಿನ ಮೇಲೆ ಗಟ್ಟಿಯಾಗಿ ಹಿಡಿದ ಕೈ, ಬೆರಳ ತುದಿಗೆ ಸುಣ್ಣದ ಕಡ್ಡಿಯ ಬಿಳಿ, ಹಸಿರು ಬಳೆ ಎರಡೇ ಎರಡು. ನೋಡುವುದು ಸ್ವಲ್ಪ ಹೆಚ್ಚೇ ಆಯಿತು ಎಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು.

ಬರುತ್ತೇನೆ, ಆದರೆ ಮನೆಯಿಂದ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದ. ತನಗೇನೂ ಅಂಜಿಕೆಯಿಲ್ಲ, ರಸ್ತೆಯಲ್ಲಿ ನಿಂತು ನೋಡುವ ಮಂದಿಗೆ ಬೇರೆ ಉದ್ಯೋಗ ಇಲ್ಲ ಎಂದ. ಸುಂದರಾ ಅತ್ತೆಯನ್ನು ಕರೆದುಕೊಂಡು ಬಂದಳು.

ಅತ್ತೆ ಲಕ್ಷ್ಮಿಬಾಯಿ ಜಯಪಾಲರ ಅಕ್ಕ. ತಾಯಿ ಇಲ್ಲದ ಸುಂದರಾಳನ್ನು ಸಾಕಿ ಬೆಳೆಸಿದವಳು ಅವಳೇ. ಘಾಟದ ಹತ್ತಿರ ಸ್ತವನಿಧಿಯ ಬಸದಿ ಇದೆ ಎಂಬ ಒಂದೇ ಕಾರಣಕ್ಕೆ ಒಪ್ಪಿ, ಜಪಮಾಲೆಯನ್ನೂ ಅಳ್ಳಿಟ್ಟಿನ ಉಂಡೆಯ ಡಬ್ಬಿಯನ್ನೂ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಅಗಲವಾಗಿ ಕೂತಳು. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು, ಆಮೇಲೆ ತಾನು ಹನಿ ನೀರೂ ಮುಟ್ಟುವುದಿಲ್ಲ ಎಂದು ಧರೆಪ್ಪನಿಗೆ ಮೊದಲೇ ತಾಕೀತು ಮಾಡಿದಳು. ತಮ್ಮ ಮನೆಯಲ್ಲೂ ಅದೇ ಪದ್ಧತಿ ಎಂದು ಅವನು ಹೇಳಿದ ಮೇಲೆ ಡಬ್ಬಿ ತೆರೆದು ಒಂದು ಉಂಡೆ ಕೊಟ್ಟಳು.

ಧರೆಪ್ಪ ಮುಂದೆ ಸುಂದರಾಳ ಪಕ್ಕ ಕೂತಿದ್ದ. ಪರೀಕ್ಷೆ ಮಾಡಲು ಬಂದವನು ಪರೀಕ್ಷೆಯನ್ನೇ ಮಾಡಿದ. ಅವಳ ಕಾಲು ಕ್ಲಚ್ಚಿನ ಮೇಲೆ ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ, ಗೇರು ಹಿಡಿದ ಕೈ ಅವಸರ ಮಾಡುತ್ತದೋ ಇಲ್ಲವೋ, ಎಲ್ಲ ನೋಡಿದ. ಸುಂದರಾ ರಸ್ತೆ ನೋಡುತ್ತಿದ್ದಳು. ಆದರೂ ಅವನು ನೋಡುತ್ತಿರುವುದು ಅವಳ ಎಡಗೆನ್ನೆಗೆ ಗೊತ್ತಾಗುತ್ತಿತ್ತು.

ಎರಡನೇ ತಿರುವು ಬಂತು. ಕಾರು ಎಂದಿನಂತೆ ಸೋತಿತು. ಎಂಜಿನ್ನು ತಡವರಿಸಿತು, ಸ್ಪೀಡು ಇಳಿಯಿತು, ಅವಳು ಗೇರು ಇಳಿಸಿ ಬದಿಗೆ ಸರಿದು ದಾರಿ ಬಿಟ್ಟಳು. ಕಬ್ಬಿನ ಟ್ರ್ಯಾಕ್ಟರ್ ಒಂದು ಗುಡುಗುಡು ಎನ್ನುತ್ತ ಪಕ್ಕದಲ್ಲೇ ದಾಟಿತು. ಮೊನ್ನೆಯವನೇ. ಈ ಸಲ ಕೈ ಎತ್ತಲಿಲ್ಲ, ನಕ್ಕ.

ಧರೆಪ್ಪ ಟ್ರ್ಯಾಕ್ಟರ್ ಮರೆಯಾಗುವವರೆಗೆ ನೋಡಿದ. ಆಮೇಲೆ ಅವಳ ಕಡೆ ತಿರುಗಿ ಕೂತ.

"ಬಾಯಾರ, ತಪ್ಪ ನಂದು. ನಿಮ್ಮ ಕೈಯಾಗ ಒಂದೀಟೂ ಕಸರಿಲ್ಲ. ನಾಳೆ ಸಾವಕಾರ್ರ ಮುಂದ ನಾನ ಹೇಳ್ತೀನಿ."

ಇಷ್ಟು ನೇರವಾಗಿ ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಸುಂದರಾ ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳ ಶಾಲೆಯ ಹೆಡ್ ಮಾಸ್ತರರು ಹಾಜರಿ ತಪ್ಪು ಬರೆದರೂ ಪೆನ್ನಿಗೆ ಬೈಯುತ್ತಿದ್ದರು. ಎರಡು ದಿನದಿಂದ ಕೂಡಿಟ್ಟಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹುಡುಕಲು ಹೋಗದೆ ಅವಳು ನಕ್ಕುಬಿಟ್ಟಳು.

ಘಾಟದ ಕಡಿದ ಗುಡ್ಡದ ನೆರಳಿನಲ್ಲಿ ಧರೆಪ್ಪನ ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ನಿಂತಿತು. ಸ್ಪೀಡಿನ ಮುಳ್ಳಿನ ಕೆಳಗೆ ಣಮೋಕಾರ ಮಂತ್ರದ ಸ್ಟಿಕರ್ ಅಂಟಿಸಿತ್ತು. ಕಾರು ತಂದ ದಿನ ಜಯಪಾಲರು ತಮ್ಮ ಕೈಯಾರೆ ಅಂಟಿಸಿದ್ದು. ಅದರ ಅಂಚಿನಿಂದ ಹಳದಿ ಬೆಳಕು ಎಳೆಯಷ್ಟು ಇಣುಕುತ್ತಿತ್ತು.

ಅವನು ಕೈ ಚಾಚಿದ. ತನ್ನ ಉಗುರಿನ ಗ್ರೀಸು ಕಂಡು ಕೈ ಹಿಂದಕ್ಕೆ ಎಳೆದುಕೊಂಡ. ಸ್ತವನಿಧಿ ಮುಟ್ಟಿದ ಮೇಲೆ ನಳದ ಬುಡದಲ್ಲಿ ಕೂತು ಮಣ್ಣು ಹಚ್ಚಿ ಕೈ ತಿಕ್ಕಿದ, ಮತ್ತೆ ಸಾಬೂನು ಬೇಡಿ ತಿಕ್ಕಿದ. ಅಷ್ಟಾದರೂ ಮನಸ್ಸಾಗದೆ, ನೀವೇ ತೆಗೆಯಿರಿ ಎಂದು ಸುಂದರಾಳಿಗೆ ಹೇಳಿದ. ಅವಳು ಉಗುರಿನ ತುದಿಯಿಂದ ಮೆಲ್ಲಗೆ ಬಿಡಿಸಿ, ಮಂತ್ರವನ್ನು ಮುಂದಿನ ಗಾಜಿನ ಮೂಲೆಗೆ ಅಂಟಿಸಿದಳು. ಅದರ ಅಡಿಯಲ್ಲಿ ಎಂಜಿನ್ನಿನ ಆಕಾರದ ಪುಟ್ಟ ದೀಪವೊಂದು ಉರಿಯುತ್ತಿತ್ತು. ಎಂಜಿನ್ನು ಕೆಟ್ಟಿದೆ ಎಂದು ಹೇಳುವುದಕ್ಕೇ ಇರುವ ದೀಪ ಅದು. ಎಷ್ಟು ದಿನದಿಂದ ಹೇಳುತ್ತಿತ್ತೋ, ಯಾರಿಗೆ ಕಾಣಬೇಕು?

ಗ್ಯಾರೇಜಿಗೆ ಮರಳಿದಾಗ ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು. ಈ ಗಾಡಿಗಳು ತಮ್ಮ ರೋಗವನ್ನು ತಾವೇ ನೆನಪಿಟ್ಟುಕೊಳ್ಳುತ್ತವೆ, ಕೇಳುವ ರೀತಿಯಲ್ಲಿ ಕೇಳಿದರೆ ಹೇಳುತ್ತವೆ ಎಂದು ಧರೆಪ್ಪ ವಿವರಿಸಿದ. ಸ್ಟೀರಿಂಗಿನ ಕೆಳಗಿನ ಒಂದು ಕನೆಕ್ಟರಿನಲ್ಲಿ ಎರಡು ಪಿನ್ನುಗಳ ನಡುವೆ ತುಂಡು ವಾಯರ್ ಸಿಕ್ಕಿಸಿದ. ಆ ದೀಪ ಮಿಣುಕತೊಡಗಿತು. ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸಿ ಪಟ್ಟಿಯಲ್ಲಿ ನೋಡಿದರೆ ರೋಗ ಯಾವುದೆಂದು ತಿಳಿಯುತ್ತದೆ. ಲೆಕ್ಕದ ಬಾಯಾರು ಇದ್ದಾರಲ್ಲ, ಅವರೂ ಎಣಿಸಲಿ ಎಂದ.

ಇಬ್ಬರೂ ಮುಂದಿನ ಸೀಟುಗಳಿಂದ ಬಗ್ಗಿ ಒಂದೇ ದೀಪ ನೋಡುತ್ತ ಕೂತರು. ಎರಡು ಮಿಣುಕು, ಅವು ಹತ್ತರ ಲೆಕ್ಕ; ಸ್ವಲ್ಪ ತಡೆ, ಮತ್ತೆ ನಾಲ್ಕು ಮಿಣುಕು, ಅವು ಬಿಡಿ.

ಇಪ್ಪತ್ತನಾಲ್ಕು ಎಂದಳು ಸುಂದರಾ. ಇಪ್ಪತ್ತಮೂರು ಎಂದ ಧರೆಪ್ಪ. ಮತ್ತೆ ಎಣಿಸಿದರು. ಅವಳಿಗೆ ಇಪ್ಪತ್ತನಾಲ್ಕು, ಅವನಿಗೆ ಇಪ್ಪತ್ತೆರಡು. ಮೂರನೇ ಸಲ ಅವಳು ಎಣಿಸುವುದು ಬಿಟ್ಟು ಪಟ್ಟನೆ ಅವನ ಕಡೆ ತಿರುಗಿದಳು. ಅವನ ಕಣ್ಣು ದೀಪದ ಮೇಲೆ ಇರಲೇ ಇಲ್ಲ.

"ಮಿಸ್ತ್ರಿ, ದೀಪ ಆ ಕಡೆ ಐತಿ," ಎಂದಳು.

"ಗೊತ್ತೈತ್ರಿ," ಎಂದ ಅವನು ಕಿವಿ ಕೆಂಪಗೆ ಮಾಡಿಕೊಂಡು. ಆಮೇಲೆ ಅವಳ ಲೆಕ್ಕವನ್ನೇ ನಂಬಿ ಪುಣೆಯಿಂದ ತಂದ ಜೆರಾಕ್ಸ್ ಹಾಳೆ ಬಿಚ್ಚಿದ. ಇಪ್ಪತ್ತನಾಲ್ಕರ ಮುಂದೆ ಕ್ಯಾಮ್‌ಶಾಫ್ಟ್ ಸೆನ್ಸರ್ ಎಂದಿತ್ತು.

ಅದೇನೆಂದು ಅವಳು ಕೇಳಿದಳು. ಅವನು ಹೊಲದ ಭಾಷೆಯಲ್ಲಿ ಹೇಳಿದ. ಕಬ್ಬಿಗೆ ನೀರು ಬಿಡುವಾಗ ಈಗ ಯಾರ ಪಾಳಿ ಎಂದು ಹೇಳುವವನೊಬ್ಬ ಇರುತ್ತಾನಲ್ಲ, ಎಂಜಿನ್ನಿನಲ್ಲಿ ಆ ಕೆಲಸ ಈ ಸೆನ್ಸರಿನದು. ನಾಲ್ಕು ಸಿಲಿಂಡರುಗಳಲ್ಲಿ ಯಾವುದರ ಪಾಳಿ ಎಂದು ಅದು ಕಂಪ್ಯೂಟರಿಗೆ ಹೇಳುತ್ತದೆ. ಅದು ನಡುವೆ ಬಾಯಿ ಮುಚ್ಚಿದರೆ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ. ಗಾಡಿ ಓಡುತ್ತದೆ, ಜಗ್ಗುವುದಿಲ್ಲ. ಸುಂದರಾಳಿಗೆ ತಕ್ಷಣ ತಿಳಿಯಿತು. ತಾನು ಕೂಡ ಇಷ್ಟು ಸರಳವಾಗಿ ಯಾವ ಪ್ರಮೇಯವನ್ನೂ ಕಲಿಸಿಲ್ಲ ಎಂದು ಒಳಗೊಳಗೇ ಒಪ್ಪಿಕೊಂಡಳು.

ಮಾತು ಕೊಟ್ಟಂತೆ ಧರೆಪ್ಪ ಜಯಪಾಲರ ಮುಂದೆ ನಿಂತು, ಬಾಯಾರ ಓಡಿಸುವಿಕೆಯಲ್ಲಿ ತಪ್ಪಿಲ್ಲ, ತಪ್ಪಿದ್ದು ತಾನೇ ಎಂದು ಹೇಳಿದ. ಜಯಪಾಲರು ಕೇಳಿಸಿಕೊಂಡರು. ಹಾಗಾದರೆ ರಿಪೇರಿ ಆಗಲಿ, ಗಾಡಿ ನಾನು ಕೂತಾಗ ಘಾಟ ಹತ್ತಲಿ, ಆಮೇಲೆ ಜಕ್ಕಪ್ಪನ ವಿಚಾರ ಮಾಡೋಣ ಎಂದರು. ಸೋಮವಾರ ಮಾತ್ರ ಮುಂದಕ್ಕೆ ಹೋಗಲಿಲ್ಲ.

ಕೊಲ್ಲಾಪುರದಿಂದ ಹೊಸ ಸೆನ್ಸರ್ ಬರುವುದರೊಳಗೆ ಒಂದು ವಾರ ಕಳೆಯಿತು. ಆ ವಾರ ಸುಂದರಾ ದಿನಾ ಐದು ಗಂಟೆಗೆ ಗ್ಯಾರೇಜಿಗೆ ಹೋಗಿ, ಬಂತೇ ಎಂದು ಕೇಳಿದಳು. ಇನ್ನೂ ಬಂದಿಲ್ಲ ಎಂಬ ಎರಡೇ ಶಬ್ದದ ಉತ್ತರವನ್ನು ಅವನು ಅರ್ಧ ತಾಸು ಹೇಳುತ್ತಿದ್ದ. ಐಗಳಿಯ ತೋಟ, ಒಣದ್ರಾಕ್ಷಿಯ ನೆರಳಿನ ಚಪ್ಪರ, ಪುಣೆಯಲ್ಲಿ ಊರಿನ ಊಟ ಸಿಗದೆ ತಾನೇ ರೊಟ್ಟಿ ಬಡಿಯಲು ಹೋಗಿ ಭಾರತದ ನಕಾಶೆ ಮಾಡಿದ್ದು, ಎಲ್ಲವೂ ಆ ಉತ್ತರದೊಳಗೆ ಬಂದವು. ಅತ್ತೆ ಬೆಂಚಿನ ಮೇಲೆ ಕೂತು ಜಪ ಮಾಡುತ್ತಿದ್ದಳು. ನೂರೆಂಟು ಮಣಿಯಲ್ಲಿ ಎಷ್ಟು ಮಣಿ ದೇವರಿಗೆ ಹೋದವೋ, ಎಷ್ಟು ಈ ಮಾತಿಗೆ ಕಿವಿಗೊಡುವುದರಲ್ಲಿ ಹೋದವೋ, ಅವಳೇ ಬಲ್ಲಳು.

ಶನಿವಾರ ಸೆನ್ಸರ್ ಬಂತು, ಧರೆಪ್ಪ ಹಾಕಿದ. ಬ್ಯಾಟರಿಯ ವಾಯರ್ ಬಿಚ್ಚಿಟ್ಟು ಹಳೆಯ ನೆನಪನ್ನೆಲ್ಲ ಅಳಿಸಿದ. ಮೂವರೂ ಘಾಟಕ್ಕೆ ಹೊರಟರು. ಮೊದಲ ತಿರುವು ಸಲೀಸಾಗಿ ದಾಟಿತು, ಸುಂದರಾ ಉಸಿರು ಬಿಟ್ಟಳು. ಎರಡನೇ ತಿರುವಿನಲ್ಲಿ ಹಳದಿ ದೀಪ ಹತ್ತಿತು, ಕಾರು ಮತ್ತೆ ತೆವಳಿತು.

ಅತ್ತೆ ಬಸದಿಯೊಳಗೆ ಹೋದಳು. ಇವರಿಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತರು. ಧರೆಪ್ಪ ಕೈಯೊಳಗಿನ ಹಳೆಯ ಸೆನ್ಸರನ್ನು ತಿರುತಿರುಗಿಸಿ ನೋಡುತ್ತಿದ್ದ. ಅದರಲ್ಲಿ ದೋಷ ಇರಲಿಲ್ಲವೆಂದು ಈಗ ಅವನಿಗೆ ಗೊತ್ತಾಗಿತ್ತು. ತನಗೆ ತಿಳಿಯುತ್ತಿಲ್ಲ, ಗಾಡಿಯನ್ನು ಕೊಲ್ಲಾಪುರಕ್ಕೆ ಒಯ್ಯಿರಿ, ಇನ್ನೂ ಹೊತ್ತು ಹಾಳುಮಾಡಿ ನಿಮಗೆ ಅನ್ಯಾಯ ಮಾಡಲಾರೆ ಎಂದ.

ಸುಂದರಾ ದಿನ ಎಣಿಸಿದಳು. ನಾಳೆ ಭಾನುವಾರ, ನಾಡಿದ್ದು ಜಕ್ಕಪ್ಪ. ಆದರೆ ಅವಳ ಚಿಂತೆ ಅದೊಂದೇ ಆಗಿರಲಿಲ್ಲ. ಕಾರು ಕೊಲ್ಲಾಪುರಕ್ಕೆ ಹೋದರೆ ಸಂಜೆ ಐದು ಗಂಟೆಗೆ ತಾನು ಎಲ್ಲಿಗೆ ಹೋಗುವುದು? ಅವನ ಬಾಡಿದ ಮುಖ ನೋಡಿದಳು. ಈ ಮನುಷ್ಯ ತನಗೆ ಬೇಕಾಗಿಬಿಟ್ಟಿದ್ದಾನೆ ಎಂದು ಅವಳಿಗೆ ಅಲ್ಲೇ, ಬಸದಿಯ ಗಂಟೆ ಕೇಳಿಸುತ್ತಿರುವಾಗಲೇ, ಸ್ಪಷ್ಟವಾಗಿ ತಿಳಿಯಿತು. ತಿಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಲೆಕ್ಕ. ಅದನ್ನೇ ಹಿಡಿದಳು.

"ಉತ್ತರ ತಪ್ಪಂದ್ರ ಲೆಕ್ಕಾ ಮೊದಲಿಂದ ಮಾಡಬೇಕು. ಸಪಾಟದಾಗ ಬರ್ತೈತಿ, ಏರಿನ್ಯಾಗ ಬರೂದಿಲ್ಲ. ಏರಿನ್ಯಾಗ ಎಂಜಿನ್ನಿಗೆ ಬ್ಯಾರೆ ಏನಾಗ್ತೈತಿ, ಹೇಳ್ರಿ."

ಜಗ್ಗುತ್ತದೆ ಎಂದ ಅವನು ಬೇಸರದಿಂದ. ಜಗ್ಗಿದಾಗ ಏನಾಗುತ್ತದೆ ಎಂದು ಅವಳು ಬಿಡದೆ ಕೇಳಿದಳು. ಎಂಜಿನ್ನು ಒಂದು ಬದಿಗೆ ವಾಲುತ್ತದೆ ಎನ್ನುತ್ತಿದ್ದವನು ಅರ್ಧಕ್ಕೇ ನಿಂತ. ಸೆನ್ಸರನ್ನು ಜೇಬಿಗೆ ಹಾಕಿ ಎದ್ದುಬಿಟ್ಟ. ವಾಲುವುದನ್ನು ಬಾನೆಟ್ ತೆರೆದು ಯಾರೂ ನೋಡಿರಲಿಲ್ಲ. ನಿಂತ ಗಾಡಿಯಲ್ಲಿ ಅದು ವಾಲುವುದೇ ಇಲ್ಲವಲ್ಲ.

ಭಾನುವಾರ ಬೆಳಗ್ಗೆ ಗ್ಯಾರೇಜಿನಲ್ಲಿ ಕಾರಿನ ನಾಲ್ಕೂ ಗಾಲಿಗೆ ಕಲ್ಲು ಕೊಟ್ಟರು. ಧರೆಪ್ಪ ಬಾನೆಟ್ ಎತ್ತಿ ಬದಿಗೆ ನಿಂತ. ಸುಂದರಾ ಬ್ರೇಕು ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಬೇಕು, ಗಾಡಿ ಹಾರಬಾರದು, ಎಂಜಿನ್ನು ಮಾತ್ರ ಜಗ್ಗಬೇಕು. ಇಂಥ ಕೆಲಸಕ್ಕೆ ನಿಮ್ಮಂಥ ಕಾಲೇ ಬೇಕು ಎಂದು ಅವನು ಹೇಳಿದ್ದು ಅವಳಿಗೆ ಯಾವ ಹಾಡಿಗಿಂತ ಇಂಪಾಗಿ ಕೇಳಿಸಿತು. ಕ್ಲಚ್ಚು ಬಿಟ್ಟಳು. ಎಂಜಿನ್ನು ಎರಡು ಬೆರಳಿನಷ್ಟು ವಾಲಿತು. ದೀಪ ಪಕ್ಕನೆ ಹತ್ತಿತು.

ಸಿಕ್ಕಿತು ಎಂದು ಅವನು ಕೂಗಿದ. ಅವಳು ಎಂಜಿನ್ನು ನಿಲ್ಲಿಸಿ ಓಡಿಬಂದಳು. ಸೆನ್ಸರಿಗೆ ಹೋಗುವ ವಾಯರ್ ತನ್ನ ಜಾಗದಲ್ಲಿ ಇರಲಿಲ್ಲ. ಯಾರೋ ಅದನ್ನು ಕ್ಲಿಪ್ಪಿನಿಂದ ಬಿಡಿಸಿ, ದೂರದ ಕೊಳವೆಗೆ ಬಿಳಿ ದಾರದಿಂದ ಬಿಗಿದು ಕಟ್ಟಿದ್ದರು. ಸೆನ್ಸರ್ ಬದಲಿಸುವಾಗ ಕೊಳವೆಗಳ ಸಂದಿಯ ಈ ಕಟ್ಟು ಧರೆಪ್ಪನ ಕಣ್ಣಿಗೆ ಬಿದ್ದಿರಲಿಲ್ಲ. ಎಂಜಿನ್ನು ವಾಲಿದಾಗಲೆಲ್ಲ ವಾಯರ್ ಹುರಿಗಟ್ಟಿ ಕನೆಕ್ಟರನ್ನು ಹೊರಕ್ಕೆ ಎಳೆಯುತ್ತಿತ್ತು. ವಾಯರ್ ಇರಬೇಕಾಗಿದ್ದ ಕ್ಲಿಪ್ಪಿನ ಮೇಲೆ ಕುಂಬಾರ ಹುಳದ ಗೂಡು, ಪುಟ್ಟ ಮಣ್ಣಿನ ಕುಡಿಕೆಯ ಹಾಗೆ. ಯಾವ ಹುಚ್ಚ ಈ ದಾರ ಕಟ್ಟಿದನೋ ಎಂದು ಧರೆಪ್ಪ ಬೈಯುತ್ತ ಗೂಡು ಕೆರೆಯಲು ಸ್ಕ್ರೂಡ್ರೈವರ್ ಎತ್ತಿದ.

"ತಡೀರಿ," ಎಂದಳು ಸುಂದರಾ. ಅವಳ ಮುಖ ಬಿಳಚಿಕೊಂಡಿತ್ತು. "ಆ ಹುಚ್ಚಿ ನಾನ."

ದೀಪಾವಳಿ ರಜೆಯಲ್ಲಿ ಕಾರು ಎರಡು ವಾರ ತಂಬಾಕಿನ ಗೋದಾಮಿನಲ್ಲಿ ನಿಂತಿತ್ತು. ಶಾಲೆ ಶುರುವಾಗುವ ಹಿಂದಿನ ದಿನ ಗಾಜು ತೊಳೆಯುವ ನೀರು ಹಾಕಲೆಂದು ಅವಳು ಬಾನೆಟ್ ತೆರೆದಾಗ ಹುಳ ಮಣ್ಣು ತಂದು ತಂದು ಮೆತ್ತುತ್ತಿತ್ತು. ವಾಯರ್ ಗೂಡಿಗೆ ತಾಕುತ್ತಿತ್ತು, ಗಾಡಿ ಓಡಿದರೆ ಉಜ್ಜಿ ಒಡೆಯುತ್ತಿತ್ತು. ಒಳಗೆ ಮರಿ ಇರುತ್ತವೆ. ಇರುವೆಯ ಸಾಲು ಕಂಡರೂ ಸುತ್ತು ಹಾಕಿ ನಡೆಯುವುದನ್ನು ಅತ್ತೆಯಿಂದ ಕಲಿತು ಬೆಳೆದವಳಿಗೆ ಬೇರೇನು ತೋಚೀತು? ಒಂದು ತುಂಡು ದಾರ ತಂದು ವಾಯರನ್ನು ಆಚೆಗೆ ಕಟ್ಟಿ, ಒಂದು ಜೀವ ಉಳಿಸಿದೆನೆಂದು ಸಮಾಧಾನಪಟ್ಟು ಮರೆತುಬಿಟ್ಟಿದ್ದಳು.

ಧರೆಪ್ಪ ಅವಳನ್ನು ನೋಡಿದ, ಗೂಡನ್ನು ನೋಡಿದ, ಬಂಪರಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅವಳಿಗೆ ಮೊದಲು ಅಳು ಬಂದಿತ್ತು, ಅವನ ನಗು ನೋಡಿ ಅದೂ ನಗುವಾಯಿತು. ಬೆಂಚಿನ ಮೇಲಿನ ಅತ್ತೆ ಜಪಮಾಲೆ ಮಡಿಲಲ್ಲಿಟ್ಟು, ಏನಾಯಿತೆಂದು ತನಗೂ ಹೇಳಿ ಎಂದು ಗದರಿದಳು.

ನಗು ನಿಂತ ಮೇಲೆ ಧರೆಪ್ಪ ದನಿ ತಗ್ಗಿಸಿ, ದಾರದ ವಿಷಯ ಸಾವಕಾರರಿಗೆ ಹೇಳುವುದು ಬೇಡ ಎಂದ. ವಾಯರ್ ಹಳತಾಗಿತ್ತು ಎನ್ನುತ್ತೇನೆ, ಚಾವಿ ನಿಮ್ಮ ಕೈಯಲ್ಲೇ ಉಳಿಯುತ್ತದೆ ಎಂದ. ಸುಂದರಾ ಆಸೆಪಟ್ಟಳು. ಬಹಳ ಆಸೆಪಟ್ಟಳು. ಆದರೆ ಕಾರು ಕೆಡಲು ತಾನು ಕಾರಣವಲ್ಲ ಎಂದು ಇಷ್ಟು ದಿನ ಎಲ್ಲರ ಮುಂದೆ ಮುಖ ಉಬ್ಬಿಸಿಕೊಂಡು ತಿರುಗಿದವಳು ಅವಳೇ. ಈಗ ಸುಳ್ಳಿನ ಮೇಲೆ ಗಾಡಿ ಓಡಿಸಿದರೆ ಆ ಅರ್ಧ ತಾಸಿನಲ್ಲಿ ಅವಳಿಗೆ ಗುನುಗಲು ಬಾಯಿ ಬರುವುದಿಲ್ಲ. ತಾನೇ ಹೇಳುತ್ತೇನೆ ಎಂದಳು.

ಅವನು ವಾದ ಮಾಡಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟ. ವಾಯರನ್ನು ನಡುವೆ ಕತ್ತರಿಸಿ, ಗೇಣುದ್ದ ಹೊಸ ವಾಯರ್ ಸೇರಿಸಿ, ಬೆಸುಗೆ ಹಾಕಿ, ಮೇಲೆ ಟೇಪು ಸುತ್ತಿದ. ಈಗ ಅದು ಗೂಡನ್ನು ಬಳಸಿಕೊಂಡು ಸಡಿಲಾಗಿ ಸುತ್ತಿ ಹೋಗಿ ಸೆನ್ಸರಿಗೆ ಗಟ್ಟಿಯಾಗಿ ಕೂತಿತು. ಎಂಜಿನ್ನು ಎಷ್ಟು ವಾಲಿದರೂ ಎಳೆಯುವುದಿಲ್ಲ. ಗೂಡು ಕೆರೆದಿದ್ದರೆ ಎರಡು ನಿಮಿಷದ ಕೆಲಸ, ಇದಕ್ಕೆ ಒಂದು ತಾಸು ಹಿಡಿಯಿತು. ಮರಿ ಹಾರಿ ಹೋದ ಮೇಲೆ ಮೊದಲಿನಂತೆ ಮಾಡಿಕೊಡುತ್ತೇನೆ ಎಂದ. ಅವನು ತಲೆ ಬಗ್ಗಿಸಿ ಟೇಪು ಸುತ್ತುತ್ತಿದ್ದಷ್ಟು ಹೊತ್ತೂ ಸುಂದರಾ ಅವನನ್ನು ಕಣ್ತುಂಬ ನೋಡಿದಳು. ಈಗ ಎಣಿಕೆ ತಪ್ಪುವ ಸರದಿ ಅವಳದಾಗಿತ್ತು.

ಮಧ್ಯಾಹ್ನ ಜಯಪಾಲರು ಬಂದು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಅತ್ತೆ, ಅವಳ ಪಕ್ಕ ಬಾಗಿಲಿಗೆ ಅಂಟಿಕೊಂಡು ಧರೆಪ್ಪ. ಕಾರು ಘಾಟ ಏರಿತು. ಮೊದಲ ತಿರುವು, ಎರಡನೇ ತಿರುವು, ಮೂರನೆಯದು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಕಂಡಿತು. ಸುಂದರಾ ಗೇರು ಇಳಿಸಿ, ಎದುರಿಗೆ ಯಾರೂ ಇಲ್ಲದ್ದು ನೋಡಿ, ಒಂದೇ ಜಗ್ಗಿಗೆ ಅದನ್ನು ದಾಟಿದಳು. ಅತ್ತೆ ಹಿಂದೆ ತಿರುಗಿ ಟ್ರ್ಯಾಕ್ಟರಿನವನಿಗೆ ಕೈ ಎತ್ತಿದಳು.

ಸ್ತವನಿಧಿಯಲ್ಲಿ ಗಾಡಿ ನಿಂತಾಗ ಜಯಪಾಲರ ಮುಖದ ಮೇಲೆ ಮೆಚ್ಚುಗೆ ಇತ್ತು. ಅದು ಇರುವಾಗಲೇ ಸುಂದರಾ ಹೇಳಿಬಿಟ್ಟಳು. ಹುಳ, ದಾರ, ವಾಯರ್, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಎಂಜಿನ್ನು ಆರಿಸಿ ಚಾವಿಯನ್ನು ಅಪ್ಪನ ಕೈಯಲ್ಲಿಟ್ಟಳು.

ಜಯಪಾಲರು ಚಾವಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಹಿಂದಿನ ಸೀಟಿನಿಂದ ಲಕ್ಷ್ಮಿಬಾಯಿಯ ದನಿ ಬಂತು.

"ಜಯಪಾಲಾ, ಆಕಿ ದಾರಾ ಕಟ್ಟಿದ್ದು ಖರೆ. ಗಾಡಿ ಅವತ್ತಿನಿಂದ ದೀಪಾ ಹಚ್ಚಿ ಒದರಾಕತ್ತಿತ್ತು. ಅದರ ಬಾಯಿ ಮ್ಯಾಲ ಚೀಟಿ ಹಚ್ಚಿದಾಂವ ಯಾರು?"

ಸಾವಕಾರರು ಮೀಸೆಯ ಮೇಲೆ ಕೈಯಾಡಿಸಿದರು. ಇಳಿದು ಅಕ್ಕನೊಡನೆ ಬಸದಿಯ ಕಡೆ ನಡೆದರು. ಚಾವಿ ಅವರ ಮುಷ್ಟಿಯಲ್ಲೇ ಹೋಯಿತು.

ಧರೆಪ್ಪ ಇಳಿದು ಅವಳ ಕಿಟಕಿಯ ಬಳಿ ಬಂದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿ, ತೆಗೆದು, ಮತ್ತೆ ಹಾಕಿದ.

"ಬಾಯಾರ, ಗಾಡಿ ರಿಪೇರಿ ಆತು. ನಾಳಿಂದ ನೀವು ನನ್ನ ಗ್ಯಾರೇಜಿಗೆ ಬರಾಕ ಕಾರಣ ಇಲ್ಲ. ಅದು ನನ್ನ ಕೈಲಿ ತಡಕೊಳ್ಳಾಕ ಆಗೂದಿಲ್ಲ. ನನಗ ನೀವು ಬೇಕು. ಮೊದಲ ನಿಮ್ಮನ್ನ ಕೇಳಾಕತ್ತೀನಿ. ನೀವು ಹೂಂ ಅಂದ್ರ ನಿಮ್ಮ ಅಪ್ಪಾರ್ನ ಕೇಳ್ತೀನಿ."

ಸುಂದರಾ ಸ್ಟೀರಿಂಗಿನ ಮೇಲಿನ ತನ್ನ ಎರಡು ಕೈ ನೋಡಿಕೊಂಡಳು. ಹೇಳಬೇಕಾದದ್ದು ಈ ಸಲ ತಾನಾಗಿಯೇ ಬಾಯಿಗೆ ಬಂತು.

"ನನಗೂ ನೀವು ಬೇಕು. ಆದ್ರ ನನಗ ಗಾಡಿ ಓಡಸೂದು ಬೇಕು. ಲಗ್ನ ಆದ ಮ್ಯಾಲ ಹಿಂದ ಕುಂಡರು ಅಂದ್ರ ನಾ ಒಲ್ಲೆ. ಇದನ್ನ ಈಗ ಹೇಳಿಬಿಡ್ತೀನಿ."

"ನೀವು ಓಡಸ್ರಿ," ಎಂದ ಅವನು. "ನಾ ಬಾಜೂಕ ಕುಂಡ್ರತೀನಿ. ಕೆಟ್ಟು ನಿಂತ್ರ ಇಳದ ನೋಡ್ತೀನಿ. ಮತ್ತೇನ ಬೇಕ್ರಿ ಬಾಯಾರ?"

"ಬಾಯಾರ ಅನ್ನೂದು ಬಿಡ್ರಿ," ಎಂದಳು. "ನನಗ ಹೆಸರೈತಿ."

ಅವನು ಹೆಸರು ಹೇಳಿದ. ಬರೀ ಮೂರು ಅಕ್ಷರ, ಅದಕ್ಕೂ ಅವನು ಎರಡು ಸಲ ತಡವರಿಸಿದ. ಅವಳು ಕಿಟಕಿಯ ಅಂಚಿನ ಮೇಲೆ ಕೈ ಇಟ್ಟಳು. ಅವನೂ ಜೇಬಿನ ಕೈ ತೆಗೆದು ಅದರ ಪಕ್ಕ ಇಟ್ಟ. ಎರಡು ಕೈಗಳ ನಡುವೆ ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಅದನ್ನು ದಾಟಿದ್ದು ಅವಳ ಬೆರಳು.

ಬಸದಿಯಿಂದ ಅಕ್ಕನೊಡನೆ ಜಯಪಾಲರು ಬರುವುದು ಕಂಡು ಇಬ್ಬರೂ ಸರಿದರು. ತಂಬಾಕಿನ ಎಲೆಯನ್ನು ದೂರದಿಂದಲೇ ನೋಡಿ ಜಾತಿ ಹೇಳುವ ಮನುಷ್ಯ ಅವರು. ಮಗಳ ಮುಖ ನೋಡಿದರು, ಧರೆಪ್ಪನ ಮುಖ ನೋಡಿದರು. ಧರೆಪ್ಪ ಏನೋ ಹೇಳಲು ಬಾಯಿ ತೆರೆದ. ಅವರು ಕೈ ಎತ್ತಿ ತಡೆದರು.

ಅತ್ತೆ ಹಿಂದಿನ ಸೀಟು ಹತ್ತಿ ಕೂತಳು. ಕಾರಿನ ಮುಂದಿನ ಬಾಗಿಲಿನವರೆಗೆ ಬಂದ ಜಯಪಾಲರು ಅಲ್ಲಿ ನಿಂತು ವಿಚಾರ ಮಾಡಿದರು. ಒಂದೂವರೆ ವರ್ಷದಲ್ಲಿ ತಾವು ಕಾರಿನಲ್ಲಿದ್ದಾಗ ಆ ಸೀಟನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಮೆಲ್ಲಗೆ ಹಿಂದಿನ ಬಾಗಿಲು ತೆರೆದು ಅಕ್ಕನ ಪಕ್ಕ ಕೂತರು. ಮುಂದಕ್ಕೆ ಬಾಗಿ ಸುಂದರಾಳ ಹೆಗಲ ಮೇಲಿಂದ ಚಾವಿ ಚಾಚಿದರು. ಜಕ್ಕಪ್ಪನನ್ನು ಕಬ್ಬಿನ ಟ್ರ್ಯಾಕ್ಟರಿಗೆ ಹಾಕುತ್ತೇನೆ, ಅಲ್ಲಿ ಆಳು ಬೇಕಾಗಿದೆ ಎಂದರು. ಆಮೇಲೆ ಹೊರಗೆ ನಿಂತೇ ಇದ್ದ ಧರೆಪ್ಪನಿಗೆ, ಮುಂದೆ ಕೂಡಿರಿ, ಎಷ್ಟೊತ್ತು ನಿಲ್ಲುತ್ತೀರಿ ಎಂದರು.

ಅವನು ಸುಂದರಾಳ ಪಕ್ಕ ಕೂತ. ಕಾರು ಶುರುವಾಯಿತು. ಐಗಳಿಯಲ್ಲಿ ಯಾರ ಮನೆತನ, ತಂದೆಯ ಹೆಸರೇನು ಎಂದು ಜಯಪಾಲರು ಹಿಂದಿನಿಂದ ಕೇಳಿದರು. ಬಾಪುಸಾಹೇಬರು ಎಂದ ಧರೆಪ್ಪ. ಹೆಸರು ಕೇಳಿ ಬಲ್ಲೆನೆಂದು ಅವರು ತಲೆಯಾಡಿಸಿದರು. ಅತ್ತೆಯ ಕೈಯಲ್ಲಿ ಜಪಮಾಲೆ ನಿಂತಿತು. ಹುಡುಗನ ಮನೆ ನೋಡಲು ಹಿರಿಯರಷ್ಟೇ ಹೋಗುವುದು, ಹುಡುಗಿ ಮನೆಯಲ್ಲೇ ಕಾಯುವುದು ಅವರಲ್ಲಿ ನಡೆದುಬಂದ ಪದ್ಧತಿ. ಜಯಪಾಲರಿಗೆ ಅದು ಗೊತ್ತಿಲ್ಲದೇ ಇರಲಿಲ್ಲ.

"ಬರೂ ಆಯಿತವಾರ ಮನ್ಯಾಗ ಇರ್ರಿ ಅಂತ ಅವರಿಗೆ ತಿಳಸ್ರಿ," ಎಂದರು. "ನಾನೂ ಅಕ್ಕನೂ ಬರ್ತೀವಿ. ಗಾಡಿ ಸುಂದರಾ ಓಡಸ್ತಾಳ."